ನೋವು ಅಡಗಿತು, ಲದ್ದಿಯೂ ನಿಂತಿತು: ಓಪಿಯಾಯ್ಡ್ ಔಷಧಿ ಕುದುರೆಯ ಮೈಯಲ್ಲಿ ಮಾಡುವ ಕೆಲಸ

ಕಳೆದ ಬೇಸಿಗೆಯ ಒಂದು ರಾತ್ರಿ, ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿಯ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಎದುರು ಮನೆಯ ಅಣ್ಣನ ಹೆಣ್ಣು ಕುದುರೆ ಗೌರಿಗೆ ಹೊಟ್ಟೆಶೂಲೆ ಬಂದಿತ್ತು. ಮದುವೆ ಮೆರವಣಿಗೆಗೆ ಹೋಗುವ ಕುದುರೆ ಅದು. ಸಂಜೆಯಿಂದ ಮೇವು ಮುಟ್ಟಿರಲಿಲ್ಲ. ಮುಂಗಾಲಲ್ಲಿ ನೆಲ ಕೆರೆಯುತ್ತಿತ್ತು. ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು. ಆಮೇಲೆ ನೆಲಕ್ಕೆ ಬಿದ್ದು ಹೊರಳಾಡತೊಡಗಿತು.

ಹತ್ತು ಗಂಟೆ ಹೊತ್ತಿಗೆ ಡಾಕ್ಟರು ಬಂದರು. ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಒಸಡಿನ ಬಣ್ಣ ನೋಡಿದರು, ನಾಡಿ ಎಣಿಸಿದರು. ಆಮೇಲೆ ರಕ್ತನಾಳಕ್ಕೆ ಎರಡು ಇಂಜೆಕ್ಷನ್ ಹಾಕಿದರು. ಒಂದು ಮಂಪರು ತರಿಸುವ ಕ್ಸೈಲಜಿನ್, ಇನ್ನೊಂದು ನೋವು ಅಡಗಿಸುವ ಬ್ಯುಟಾರ್ಫನಾಲ್ ಎಂಬ ಓಪಿಯಾಯ್ಡ್. ಕೆಲವೇ ನಿಮಿಷದಲ್ಲಿ ಗೌರಿ ತಲೆ ತಗ್ಗಿಸಿ ಸುಮ್ನೆ ನಿಂತಿತು. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು.

ಮುಕ್ಕಾಲು ಗಂಟೆಯ ನಂತರ ಬೇರೆಯೇ ಆಟ ಶುರುವಾಯಿತು. ಗೌರಿ ತಲೆ ಕುಣಿಸತೊಡಗಿತು. ತುಟಿ ಅದುರುತ್ತಿತ್ತು. ಗೂಟದ ಸುತ್ತ ಗಾಣದ ಎತ್ತಿನ ಹಾಗೆ ಸುತ್ತು ಹಾಕಿತು. ಟಾರ್ಚ್ ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇತ್ತು. ಮನೆಯ ಅಕ್ಕ ಹೆದರಿ, "ಡಾಕ್ಟ್ರೇ, ಇದಕ್ಕೆ ಹುಚ್ಚುಗಿಚ್ಚು ಹಿಡೀತಾ?" ಎಂದರು.

"ಇಲ್ಲಮ್ಮ, ಔಷಧಿ ಮಾಡ್ತಿರೋದು ಅದು. ಇಳಿಯುತ್ತೆ. ನೀವು ಬೆಳಗ್ಗೆ ಲದ್ದಿ ಹಾಕಿತಾ ನೋಡಿ, ಅದನ್ನ ನನಗೆ ಫೋನ್ ಮಾಡಿ ಹೇಳಿ."

ಕುದುರೆಗೆ ಹುಚ್ಚು ಹಿಡಿಯಿತೇ ಎಂಬ ಅಕ್ಕನ ಪ್ರಶ್ನೆ, ಲದ್ದಿಯ ಬಗ್ಗೆ ಡಾಕ್ಟರ ಕಾಳಜಿ: ಎರಡಕ್ಕೂ ಮೂಲ ಬ್ಯುಟಾರ್ಫನಾಲ್ ಎಂಬ ಅದೇ ಒಂದು ಔಷಧಿ. ನೋವು ಅಡಗಿಸಿದ್ದೂ ಅದೇ. ಇದು ಗೊತ್ತಿಲ್ಲದೆ ಕುದುರೆ ಸಾಕುವವರು ಒಂದೋ ಈ ಔಷಧಿಗೆ ವಿನಾಕಾರಣ ಹೆದರುತ್ತಾರೆ, ಇಲ್ಲವೇ ನೋವು ನಿಂತ ಕೂಡಲೇ ಕಾಯಿಲೆಯೇ ಹೋಯಿತು ಎಂದು ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಎರಡನೆಯದು ಕುದುರೆಯ ಪ್ರಾಣಕ್ಕೇ ಎರವಾಗಬಹುದು.

ಅಫೀಮಿನಿಂದ ಬಂದ, ಅಥವಾ ಅದರ ಹಾಗೆಯೇ ಕೆಲಸ ಮಾಡುವ ಔಷಧಿಗಳಿಗೆ ಓಪಿಯಾಯ್ಡ್ ಎನ್ನುತ್ತಾರೆ. ಮಾರ್ಫಿನ್, ಪೆಥಿಡಿನ್, ಫೆಂಟಾನಿಲ್, ಬ್ಯುಪ್ರೆನಾರ್ಫಿನ್, ಬ್ಯುಟಾರ್ಫನಾಲ್ ಎಲ್ಲ ಇದೇ ಕುಟುಂಬ. ಇವು ಮೆಲಾಕ್ಸಿಕಾಂ, ಫ್ಲುನಿಕ್ಸಿನ್‌ನಂಥ ಮಾಮೂಲಿ ನೋವಿನ ಔಷಧಿಗಳ ಹಾಗಲ್ಲ. ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಗಾಯವಾದ ಜಾಗ ಘಾಟಿ ಕೆಳಗಿನ ಸತ್ಯಮಂಗಲ, ಮೆದುಳು ಮೇಲಿನ ತಾಳವಾಡಿ, ನೋವಿನ ಸುದ್ದಿ ದಿಂಬಂ ಘಾಟಿ ಹತ್ತಿ ಬರುವ ಲಾರಿ ಎಂದುಕೊಳ್ಳಿ. ಮೆಲಾಕ್ಸಿಕಾಂ ಕೆಳಗೇ ಊತ ಇಳಿಸಿ, ಲಾರಿಗೆ ತುಂಬುವ ಸರಕನ್ನೇ ಕಡಿಮೆ ಮಾಡುತ್ತದೆ. ಓಪಿಯಾಯ್ಡ್ ಘಾಟಿ ಬುಡದ ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಗೇಟು ಹಾಕುತ್ತದೆ. ಗಾಯ ಹಾಗೇ ಇರುತ್ತದೆ, ಸುದ್ದಿ ಮಾತ್ರ ಮೇಲೆ ಬರುವುದಿಲ್ಲ.

ಆ ಗೇಟುಗಳಿಗೆ ರಿಸೆಪ್ಟರ್ ಎಂದು ಹೆಸರು. ಮುಖ್ಯವಾದವು ಮ್ಯೂ ಮತ್ತು ಕಪ್ಪಾ. ಮಾರ್ಫಿನ್ ಮ್ಯೂ ಮೇಲೆ ಪೂರ್ತಿ ಕೆಲಸ ಮಾಡುತ್ತದೆ. ಬ್ಯುಪ್ರೆನಾರ್ಫಿನ್ ಅದೇ ಮ್ಯೂ ಮೇಲೆ ಅರೆಬರೆ ಕೆಲಸ ಮಾಡಿದರೂ ಬಹಳ ಹೊತ್ತು ಅಂಟಿಕೊಂಡಿರುತ್ತದೆ. ಬ್ಯುಟಾರ್ಫನಾಲ್ ಮುಖ್ಯವಾಗಿ ಕಪ್ಪಾ ಕಡೆಯದು. ತೊಡಕು ಏನೆಂದರೆ ಈ ಗೇಟುಗಳು ಬೆನ್ನುಹುರಿ, ಮೆದುಳಿನಲ್ಲಿ ಮಾತ್ರ ಇಲ್ಲ. ಕರುಳಿನ ಗೋಡೆಯ ಉದ್ದಕ್ಕೂ ಇವೆ. ಒಂದು ಕಡೆ ಗೇಟು ಹಾಕಿದರೆ ಇನ್ನೊಂದು ಕಡೆಯೂ ಬೀಳುತ್ತದೆ.

ಮೊದಲು ಆ ಸುತ್ತುವಿಕೆಯ ವಿಷಯ ನೋಡೋಣ. ಮನುಷ್ಯನಿಗೆ ಮಾರ್ಫಿನ್ ಕೊಟ್ಟರೆ ತೂಕಡಿಸುತ್ತಾನೆ. ನಾಯಿಯೂ ಹೆಚ್ಚುಕಡಿಮೆ ಹಾಗೆಯೇ. ಕುದುರೆ ಹಾಗಲ್ಲ. ಡೋಸ್ ಜಾಸ್ತಿಯಾದರೆ, ಅದರಲ್ಲೂ ನೋವೇ ಇಲ್ಲದ ಕುದುರೆಗೆ ಕೊಟ್ಟರೆ, ಅದು ಎಚ್ಚೆತ್ತು ಕುಳಿತವರ ಹಾಗೆ ಆಡುತ್ತದೆ. ನಿಂತಲ್ಲಿ ನಿಲ್ಲುವುದಿಲ್ಲ. ತಲೆ ಕುಣಿಸುತ್ತದೆ, ನೆಲ ಕೆರೆಯುತ್ತದೆ, ಮಾಂಸಖಂಡ ಅದುರುತ್ತದೆ, ಬೆವರುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಕೆಂಟಕಿಯ ಸಂಶೋಧಕರು ಇದನ್ನು ಅಳೆದ ರೀತಿ ತುಂಬ ಸರಳವಾಗಿತ್ತು. ಔಷಧಿ ಕೊಟ್ಟು ಲಾಯದೊಳಗೆ ಬಿಟ್ಟ ಕುದುರೆ ಎಷ್ಟು ಹೆಜ್ಜೆ ಹಾಕುತ್ತದೆ ಎಂದು ಎಣಿಸಿದರು. ಡೋಸ್ ಏರಿದ ಹಾಗೆ ಹೆಜ್ಜೆಯೂ ಏರಿತು.

ಮೆದುಳಿನಲ್ಲಿ ಡೋಪಮಿನ್‌ನಂಥ ರಾಸಾಯನಿಕಗಳ ಚಟುವಟಿಕೆ ಏರುವುದು ಇದಕ್ಕೆ ಮುಖ್ಯ ಕಾರಣ ಎಂದು ತಜ್ಞರು ಹೇಳುತ್ತಾರೆ. ಡೋಪಮಿನ್ ತಡೆಯುವ ಅಸೆಪ್ರೊಮಜಿನ್ ಎಂಬ ಔಷಧಿ ಕೊಟ್ಟರೆ ಈ ಓಡಾಟ ತಗ್ಗುವುದು ಆ ಮಾತಿಗೆ ಒಂದು ಆಧಾರ. ಅದಕ್ಕೇ ಡಾಕ್ಟರುಗಳು ಕುದುರೆಗೆ ಓಪಿಯಾಯ್ಡ್ ಒಂದನ್ನೇ ಕೊಡುವುದು ಕಡಿಮೆ. ಮಂಪರಿನ ಔಷಧಿ ಮೊದಲು, ಅದರ ಹಿಂದೆಯೇ ಅಥವಾ ಜೊತೆಗೆ ಓಪಿಯಾಯ್ಡ್. ಗೌರಿಯ ವಿಷಯದಲ್ಲಿ ಕ್ಸೈಲಜಿನ್ ಬೇಗ ಇಳಿಯಿತು, ಬ್ಯುಟಾರ್ಫನಾಲ್ ಇನ್ನೂ ಉಳಿದಿತ್ತು. ಆ ಮಧ್ಯದ ಹೊತ್ತಿನಲ್ಲಿ ನಾವು ಕಂಡದ್ದು ಆ ಗಾಣದ ಸುತ್ತು. ಆಗತಾನೆ ಹುಟ್ಟಿದ ಮರಿಗಳಲ್ಲಿ ಇದು ತಿರುಗುಮುರುಗು. ಬ್ಯುಟಾರ್ಫನಾಲ್ ಕೊಟ್ಟರೆ ಅವು ಕುಣಿಯುವ ಬದಲು ಮಂಕಾಗುತ್ತವೆ.

ಪಾಪೆಯ ವಿಷಯವೂ ಹಾಗೇ. ಮಾರ್ಫಿನ್ ಕೊಟ್ಟ ಮನುಷ್ಯನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕುದುರೆಯದು ಅಗಲವಾಗುತ್ತದೆ. ಹಗಲಲ್ಲಿ ಅಂಥ ಕುದುರೆಯನ್ನು ಬಿಸಿಲಿಗೆ ಕಟ್ಟಬಾರದು. ಕಣ್ಣು ಕುಕ್ಕಿ ಇನ್ನಷ್ಟು ಗಾಬರಿಯಾಗುತ್ತದೆ. ನಾಡಿಬಡಿತ, ರಕ್ತದೊತ್ತಡ ಸ್ವಲ್ಪ ಏರಬಹುದು. ಕೆಮ್ಮು ತಗ್ಗುತ್ತದೆ. ಮನುಷ್ಯರಲ್ಲಿ ದೊಡ್ಡ ಅಪಾಯವಾದ ಉಸಿರು ನಿಲ್ಲುವ ತೊಂದರೆ ಎಚ್ಚರದಲ್ಲಿರುವ ಕುದುರೆಯಲ್ಲಿ ಮಾಮೂಲಿ ಡೋಸಿಗೆ ಅಷ್ಟಾಗಿ ಕಾಣುವುದಿಲ್ಲ. ಮನುಷ್ಯರ ವೈದ್ಯದಿಂದ ಕಲಿತ ಭಯವನ್ನು ಇಲ್ಲಿ ಹಾಗೇ ತಂದು ಹಾಕಬಾರದು ಎನ್ನುವುದು ಇದಕ್ಕೇ. ಕುದುರೆಯಲ್ಲಿ ಭಯಪಡಬೇಕಾದ ಜಾಗ ಬೇರೆ ಇದೆ.

ಆ ಜಾಗ ಹೊಟ್ಟೆ.

ಕುದುರೆಯ ಹೊಟ್ಟೆಯನ್ನು ಹಸುವಿನ ಹೊಟ್ಟೆಯ ಹಾಗೆ ಊಹಿಸಿಕೊಂಡರೆ ಪೂರ್ತಿ ತಪ್ಪಾಗುತ್ತದೆ. ಹಸುವಿಗೆ ಮುಂದೆಯೇ ದೊಡ್ಡ ಹೊಟ್ಟೆ, ಮೆಲುಕು ಹಾಕುವ ಸೌಕರ್ಯ. ಕುದುರೆಗೆ ಜಠರ ಚಿಕ್ಕದು, ಹುಲ್ಲು ಕೊಳೆತು ಜೀರ್ಣವಾಗುವುದೆಲ್ಲ ಹಿಂದಿನ ದೊಡ್ಡ ಕರುಳಿನಲ್ಲಿ. ಆ ದೊಡ್ಡ ಕರುಳು ಹೊಟ್ಟೆಯೊಳಗೆ ಮಡಿಸಿ ಇಟ್ಟ ಹಾಸಿಗೆಯ ಹಾಗಿದೆ. ಒಂದು ಕಡೆ ತುಂಬ ಅಗಲ, ಸೊಂಟದ ಹತ್ತಿರದ ತಿರುವಿನಲ್ಲಿ ಥಟ್ಟನೆ ಕಿರಿದು. ನೀರು ಕಡಿಮೆಯಾಗಿ ಒಣ ಮೇವು ಜಾಸ್ತಿಯಾದರೆ ಆ ತಿರುವಿನಲ್ಲೇ ಕಟ್ಟಿಕೊಳ್ಳುತ್ತದೆ. ಗೌರಿಗೆ ಆ ವಾರ ಹಸಿಹುಲ್ಲು ಸಿಗದೆ ಬರೀ ರಾಗಿ ಹುಲ್ಲು ಹಾಕಿದ್ದರು. ಇನ್ನೊಂದು ಮಾತು, ಕುದುರೆ ವಾಂತಿ ಮಾಡಲಾರದು. ಜಠರದ ಬಾಯಿ ಅಷ್ಟು ಬಿಗಿ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು.

ಅಂಥ ಕರುಳಿಗೆ ಓಪಿಯಾಯ್ಡ್ ತಗುಲಿದಾಗ ಅಲೆ ಅಲೆಯಾಗಿ ತಳ್ಳುವ ಅದರ ಕೆಲಸ ನಿಧಾನವಾಗುತ್ತದೆ. ಸರಕು ನಿಂತಷ್ಟೂ ಕರುಳು ಅದರ ನೀರು ಹೀರುತ್ತದೆ, ಲದ್ದಿ ಇನ್ನಷ್ಟು ಒಣಗುತ್ತದೆ. ಕ್ಸೈಲಜಿನ್ ಕೂಡ ಸ್ವಲ್ಪ ಹೊತ್ತು ಕರುಳನ್ನು ತಡೆಯುತ್ತದೆ. ಅಂದರೆ ಒಂದೇ ಬಂಡಿಗೆ ಎರಡು ಬ್ರೇಕ್. ಬ್ಯುಟಾರ್ಫನಾಲ್‌ನ ಒಂದು ಇಂಜೆಕ್ಷನ್ ಸಾಮಾನ್ಯವಾಗಿ ಇಷ್ಟಕ್ಕೇ ದೊಡ್ಡ ಅನಾಹುತ ಮಾಡುವುದಿಲ್ಲ. ದಿನಗಟ್ಟಲೆ ಮತ್ತೆ ಮತ್ತೆ ಕೊಟ್ಟಾಗ ಚಿಂತೆ ಜಾಸ್ತಿ.

ಹಾಗಾದರೆ ಓಪಿಯಾಯ್ಡ್ ಕೊಡಲೇಬಾರದಾ? ನನಗೂ ಮೊದಲು ಹಾಗೇ ಅನಿಸಿತ್ತು. ಓದುತ್ತಾ ಹೋದ ಹಾಗೆ ಅಭಿಪ್ರಾಯ ಬದಲಾಯಿತು. 2004ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೂಳೆ-ಕೀಲಿನ ಆಪರೇಷನ್ ಆದ ಕುದುರೆಗಳ ದಾಖಲೆ ನೋಡಿ, ಮಾರ್ಫಿನ್ ಪಡೆದವುಗಳಲ್ಲಿ ಆಮೇಲೆ ಹೊಟ್ಟೆಶೂಲೆ ಬರುವ ಅಪಾಯ ಸುಮಾರು ನಾಲ್ಕು ಪಟ್ಟು ಎಂದಿತು. ಓಪಿಯಾಯ್ಡ್ ಪಡೆಯದವು ಅಥವಾ ಬ್ಯುಟಾರ್ಫನಾಲ್ ಪಡೆದವುಗಳ ಜೊತೆ ಹೋಲಿಸಿ ಹೇಳಿದ ಮಾತು ಅದು. 2006ರಲ್ಲಿ ಬಂದ ಇನ್ನೊಂದು ಅಧ್ಯಯನಕ್ಕೆ ಆ ಸಂಬಂಧ ಕಾಣಲೇ ಇಲ್ಲ. ಆಪರೇಷನ್ ಆದ ಕುದುರೆ ಉಪವಾಸ ಇರುತ್ತದೆ, ಲಾಯದಲ್ಲಿ ಕಟ್ಟಿರುತ್ತಾರೆ, ಜಾಗ ಹೊಸದು, ಮೇವು ಹೊಸದು. ಇವೆಲ್ಲ ಕರುಳನ್ನು ನಿಲ್ಲಿಸುವ ಕಾರಣಗಳೇ. ತಪ್ಪನ್ನು ಮಾರ್ಫಿನ್ ಒಂದರ ತಲೆಗೆ ಕಟ್ಟುವುದು ಅಷ್ಟು ಸುಲಭವಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು 2004ರದೇ ಇನ್ನೊಂದು ಅಧ್ಯಯನ, ಅಮೆರಿಕದ್ದು. ಹೊಟ್ಟೆ ಕೊಯ್ದು ಆಪರೇಷನ್ ಮಾಡಿದ ಕುದುರೆಗಳಿಗೆ ಬ್ಯುಟಾರ್ಫನಾಲನ್ನು ಡ್ರಿಪ್‌ನಲ್ಲಿ ಹನಿಹನಿಯಾಗಿ ಕೊಟ್ಟು ನೋಡಿದರು. ಅವುಗಳ ಮೊದಲ ಲದ್ದಿ ತಡವಾಯಿತು, ಅದು ನಿಜ. ಆದರೆ ಅವುಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕಡಿಮೆ ಇತ್ತು. ಅಂದರೆ ಒಳಗಿನ ಸಂಕಟ ಕಡಿಮೆ. ತೂಕ ಅಷ್ಟಾಗಿ ಇಳಿಯಲಿಲ್ಲ, ನಡವಳಿಕೆ ಚೆನ್ನಾಗಿತ್ತು, ಆಸ್ಪತ್ರೆಯಿಂದ ಬೇಗ ಮನೆಗೆ ಹೋದವು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ನೋವೂ ಕರುಳನ್ನು ನಿಲ್ಲಿಸುತ್ತದೆ. ತೀರಾ ನೋವಲ್ಲಿರುವ ಕುದುರೆ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಮೈಯೆಲ್ಲ ಬಿಗಿ ಹಿಡಿದು ನಿಲ್ಲುತ್ತದೆ. ಕರುಳು ನಿಲ್ಲುತ್ತದೆ ಎಂದು ಹೆದರಿ ನೋವಿಗೆ ಔಷಧಿ ಕೊಡದಿದ್ದರೆ, ಕರುಳನ್ನು ನೋವಿನ ಕೈಗೆ ಕೊಟ್ಟ ಹಾಗೆ. ಕುದುರೆ ನರಳಿದ್ದಷ್ಟೇ ಲಾಭ.

ಆದ್ದರಿಂದ ಪ್ರಶ್ನೆ ಕೊಡಬೇಕೋ ಬೇಡವೋ ಎಂಬುದಲ್ಲ. ಕೊಟ್ಟ ಮೇಲೆ ಕರುಳನ್ನು ಕಾಯುವವರು ಯಾರು ಎಂಬುದು. ಆ ಅಮೆರಿಕದ ಕುದುರೆಗಳು ಆಸ್ಪತ್ರೆಯಲ್ಲಿದ್ದವು, ರಾತ್ರಿಹಗಲು ನೋಡುವವರಿದ್ದರು. ನಮ್ಮದು ಘಾಟಿ ಮೇಲಿನ ಊರು. ಜಿಲ್ಲೆಯ ಉಳಿದ ಭಾಗಕ್ಕೆ ಹೋಗಬೇಕಾದರೆ ದಿಂಬಂನ 27 ಕಡಿದಾದ ತಿರುವು ಇಳಿಯಬೇಕು. ಕಾಡುಪ್ರಾಣಿಗಳ ಸಲುವಾಗಿ 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಕುದುರೆಯ ಹೊಟ್ಟೆ ಕೊಯ್ಯುವಂಥ ಆಪರೇಷನ್ ಬೇಕಾದರೆ ನಾಮಕ್ಕಲ್ ಅಥವಾ ಬೆಂಗಳೂರಿನ ಪಶುವೈದ್ಯ ಕಾಲೇಜಿನ ಕಡೆ ಮುಖ ಮಾಡಬೇಕು. ಕರುಳು ತಿರುಚಿಕೊಂಡ ಕುದುರೆಗೆ ಅಷ್ಟು ಗಂಟೆ ಇರುವುದಿಲ್ಲ.

ಇಲ್ಲಿ ಓಪಿಯಾಯ್ಡ್ ಮಾಡುವ ಇನ್ನೊಂದು ಕೆಲಸ ಮುಖ್ಯವಾಗುತ್ತದೆ. ಅದು ನೋವನ್ನು ಮುಚ್ಚುತ್ತದೆ. ಕಟ್ಟಿಕೊಂಡ ಕರುಳಿನ ನೋವನ್ನೂ ಮುಚ್ಚುತ್ತದೆ, ತಿರುಚಿಕೊಂಡ ಕರುಳಿನ ನೋವನ್ನೂ ಸ್ವಲ್ಪ ಹೊತ್ತು ಮುಚ್ಚುತ್ತದೆ. ಅನುಭವಸ್ಥ ಡಾಕ್ಟರುಗಳು ಇದನ್ನೇ ಪರೀಕ್ಷೆಯಾಗಿ ಬಳಸುತ್ತಾರೆ. ಬಲವಾದ ಔಷಧಿ ಕೊಟ್ಟ ಅರ್ಧ-ಮುಕ್ಕಾಲು ಗಂಟೆಯಲ್ಲೇ ಕುದುರೆ ಮತ್ತೆ ಹೊರಳಾಡಿದರೆ, ಅದು ಇಂಜೆಕ್ಷನ್‌ಗೆ ಬಗ್ಗುವ ಕಾಯಿಲೆಯಲ್ಲ ಎಂದು ಅರ್ಥ. ಆಗ ಇನ್ನೊಂದು ಇಂಜೆಕ್ಷನ್ ಕೇಳುವುದಕ್ಕಿಂತ ಗಾಡಿ ಹುಡುಕುವುದು ಸರಿ.

ನಾಡಿಯನ್ನೂ ಹೊಟ್ಟೆಯ ಸದ್ದನ್ನೂ ಇಂಜೆಕ್ಷನ್‌ಗೆ ಮುಂಚೆಯೇ ನೋಡಿಟ್ಟುಕೊಳ್ಳಬೇಕು. ಆರೋಗ್ಯದ ದೊಡ್ಡ ಕುದುರೆಯ ನಾಡಿ ನಿಂತಿದ್ದಾಗ ನಿಮಿಷಕ್ಕೆ ಸುಮಾರು 30ರಿಂದ 40. ಅದು 60 ದಾಟಿ ಅಲ್ಲೇ ನಿಂತರೆ ಗಂಭೀರ. ಹೊಟ್ಟೆಯ ಗುಡುಗುಡು ಸದ್ದು ಔಷಧಿಯಿಂದಲೇ ಕಡಿಮೆಯಾಗುತ್ತದೆ. ಇಂಜೆಕ್ಷನ್ ಆದ ಮೇಲೆ ಕಿವಿ ಇಟ್ಟು "ಸದ್ದೇ ಇಲ್ಲ" ಎಂದರೆ ಅದು ಕಾಯಿಲೆಯದೋ ಔಷಧಿಯದೋ ಹೇಳಲಾಗುವುದಿಲ್ಲ. ಡಾಕ್ಟರು ಆ ರಾತ್ರಿ ಅಷ್ಟು ಹೊತ್ತು ಸ್ಟೆತಸ್ಕೋಪ್ ಹಿಡಿದು ನಿಂತದ್ದು ಯಾಕೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಕುದುರೆ ನೋವನ್ನು ಬಾಯಿಬಿಟ್ಟು ಹೇಳುವ ಪ್ರಾಣಿಯಲ್ಲ. ಮುಖದಲ್ಲಿ ಹೇಳುತ್ತದೆ. 2014ರಲ್ಲಿ ಯುರೋಪಿನ ಸಂಶೋಧಕರು ಕುದುರೆಯ ಮುಖ ನೋಡಿ ನೋವು ಅಳೆಯುವ ಒಂದು ಕ್ರಮ ಮಾಡಿದರು. ಹಿಂದಕ್ಕೆ ಸೆಟೆದ ಕಿವಿ, ಅರೆ ಮುಚ್ಚಿದ ಕಣ್ಣು, ಕಣ್ಣಿನ ಮೇಲೆ ಎದ್ದು ಕಾಣುವ ಮೂಳೆ, ಬಿಗಿದ ದವಡೆ, ಒತ್ತಿ ಹಿಡಿದ ತುಟಿ, ಸೆಟೆದ ಮೂಗಿನ ಹೊಳ್ಳೆ. ಇದನ್ನು ಕಲಿಯಲು ಯಾರಿಗೂ ಡಿಗ್ರಿ ಬೇಡ. ಆದರೆ ನಮ್ಮ ಕಡೆ ಅಂದಿಯೂರಿನಿಂದ ಬರುವ ಕುದುರೆಗಳಲ್ಲಿ ಕಾಠಿಯಾವಾಡಿ, ಮಾರ್ವಾಡಿ ತಳಿ ಜಾಸ್ತಿ. ಅವುಗಳ ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವ ಹಾಗಿರುತ್ತದೆ. ಅವುಗಳಲ್ಲಿ ಕಿವಿಗಿಂತ ಕಣ್ಣು, ದವಡೆ, ಮೂಗನ್ನು ನಂಬುವುದು ಒಳ್ಳೆಯದು ಎನ್ನುವುದು ನನ್ನ ಅನಿಸಿಕೆ. ಓಪಿಯಾಯ್ಡ್ ಕೊಟ್ಟ ಮೇಲೆ ಮುಖ ಸಡಿಲವಾಗಿ, ಕಾಲು ಮಾತ್ರ ಓಡಾಡುತ್ತಿದ್ದರೆ ಅದು ಹೆಚ್ಚಾಗಿ ಔಷಧಿಯ ಆಟ. ಮುಖವೂ ಬಿಗಿದು, ಓಡಾಟವೂ ಇದ್ದರೆ ನೋವು ಇನ್ನೂ ಇದೆ.

ಅಂದಿಯೂರಿನ ಮಾತು ಬಂತು. ಆಡಿ ತಿಂಗಳಲ್ಲಿ ಗುರುನಾಥಸ್ವಾಮಿ ಜಾತ್ರೆಗೆ ಸೇರುವ ಅಲ್ಲಿನ ಕುದುರೆ ಸಂತೆಗೆ ನಮ್ಮವರೂ ಘಾಟಿ ಇಳಿದು ಹೋಗುತ್ತಾರೆ. ಕೊಳ್ಳುವವರು ನೋಡುವುದು ಏನನ್ನು? ಎತ್ತಿದ ತಲೆ, ಅಗಲ ಕಣ್ಣು, ಒಂದು ಕ್ಷಣ ನಿಲ್ಲದ ಕಾಲು. "ಒಳ್ಳೆ ಚುರುಕು" ಎಂದು ಬೆಲೆ ಏರುತ್ತದೆ. ಮೇಲೆ ಹೇಳಿದ ಔಷಧಿಯ ಲಕ್ಷಣಗಳನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಅಲ್ಲಿ ಯಾರೋ ಹೀಗೆ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಕುಂಟುವ ಕಾಲನ್ನು ಮುಚ್ಚಿ ಅದರ ಮೇಲೆ ಚುರುಕನ್ನೂ ಕೊಡುವ ಔಷಧಿ ಜಗತ್ತಿನಲ್ಲಿ ಇದೆ ಎಂದ ಮೇಲೆ, ಕೊಳ್ಳುವ ಕುದುರೆಯನ್ನು ಒಂದೇ ಗಳಿಗೆ ನೋಡಿ ಹಣ ಎಣಿಸಬಾರದು. ಬೆಳಗ್ಗೆ ಒಮ್ಮೆ, ಮಾರನೇ ದಿನ ಒಮ್ಮೆ ನಡೆಸಿ ನೋಡಬೇಕು.

ರೇಸಿನ ಜಗತ್ತಿಗೆ ಇದು ಹಳೆಯ ಕತೆ. ದಕ್ಷಿಣ ಅಮೆರಿಕದ ಒಂದು ಕಪ್ಪೆಯ ಚರ್ಮದಲ್ಲಿ ಡರ್ಮಾರ್ಫಿನ್ ಎಂಬ ವಸ್ತು ಇದೆ. ಮಾರ್ಫಿನ್‌ಗಿಂತ ಎಷ್ಟೋ ಪಟ್ಟು ಬಲವಾದದ್ದು. 2012ರಲ್ಲಿ ಅಮೆರಿಕದ ಹಲವು ರಾಜ್ಯಗಳ ರೇಸ್ ಕುದುರೆಗಳಲ್ಲಿ ಅದು ಸಿಕ್ಕಿಬಿತ್ತು. ಮುರಿಯುವ ಹಂತಕ್ಕೆ ಬಂದ ಕಾಲಿನ ನೋವು ಗೊತ್ತಾಗದೆ ಓಡುವ ಕುದುರೆ, ಮೇಲೆ ಕೂತ ಸವಾರ. ನೆನೆದರೆ ಮೈ ಜುಮ್ಮೆನ್ನುತ್ತದೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 2014ರಲ್ಲಿ ಬ್ರಿಟನ್ ರಾಣಿ ಎಲಿಜಬೆತ್ ಅವರ ಎಸ್ಟಿಮೇಟ್ ಎಂಬ ಕುದುರೆಯ ಪರೀಕ್ಷೆಯಲ್ಲಿ ಮಾರ್ಫಿನ್ ಕಾಣಿಸಿತು. ಯಾರೂ ಕೊಟ್ಟಿರಲಿಲ್ಲ, ಮೇವಿನಲ್ಲಿ ಗಸಗಸೆ ಗಿಡದ ಅಂಶ ಬೆರೆತಿತ್ತು. ಆದರೂ ಆಸ್ಕಟ್ ಗೋಲ್ಡ್ ಕಪ್ ರೇಸಿನ ಎರಡನೇ ಸ್ಥಾನ ಹೋಯಿತು.

ಈಗ ಈ ವಿಷಯ ಬರೆಯಬೇಕು ಅನಿಸಿದ್ದಕ್ಕೆ ಇನ್ನೊಂದು ಕಾರಣ ಔಷಧಿ ಅಂಗಡಿಯ ಕಪಾಟು. ನಮ್ಮ ಪಕ್ಕದ ಮೋಯಾರ್ ಕಣಿವೆ ದಕ್ಷಿಣ ಭಾರತದಲ್ಲಿ ರಣಹದ್ದುಗಳು ಉಳಿದಿರುವ ಕೆಲವೇ ಜಾಗಗಳಲ್ಲಿ ಒಂದು. ಸತ್ತ ದನದ ಮೈಯಲ್ಲಿ ಉಳಿದ ನೋವಿನ ಔಷಧಿ ತಿಂದು ಅವು ಸಾಯುತ್ತವೆ. ಅದಕ್ಕೆ ಪ್ರಾಣಿಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ 2023ರಲ್ಲಿ ಹೋದವು. ನಿಮೆಸುಲೈಡ್ 2024ರ ಕೊನೆಯಲ್ಲಿ. ಈ ನಿಷೇಧ ನೂರಕ್ಕೆ ನೂರು ಸರಿ. ರಣಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕಾಂ ಹೇಗೂ ಇದೆ. ಆದರೆ "ಹಳೇ ಇಂಜೆಕ್ಷನ್ ಇಲ್ಲ ಅಂದ್ರೆ ಅದಕ್ಕಿಂತ ಜೋರಾದ್ದು ಹಾಕಿ" ಎನ್ನುವ ಮಾತು ನನ್ನ ಕಿವಿಗೇ ಬಿದ್ದಿದೆ. ಜೋರಾದದ್ದು ಎಂದರೆ ಜನರ ಮನಸ್ಸಿನಲ್ಲಿ ಮನುಷ್ಯರಿಗೆ ಕೊಡುವ ಟ್ರಮಡಾಲ್ ಎಂಬ ಓಪಿಯಾಯ್ಡ್. ಅದನ್ನು ಕುದುರೆಗೆ ಬಾಯಿಂದ ಕೊಟ್ಟರೆ ಮೈಗೆ ಸೇರುವುದೇ ಕಡಿಮೆ. ಮನುಷ್ಯರ ಯಕೃತ್ತು ಅದನ್ನು ಬಲವಾದ ರೂಪಕ್ಕೆ ಬದಲಿಸುವಷ್ಟು ಚೆನ್ನಾಗಿ ಕುದುರೆಯದು ಬದಲಿಸುವುದಿಲ್ಲ. 2018ರಿಂದ ಅದು ಮಾದಕ ವಸ್ತು ಕಾಯ್ದೆಯ ಕೆಳಗೂ ಬಂದಿದೆ. ಕೇಸು ಮೈಮೇಲೆ ಬರುತ್ತದೆ, ನೋವು ಮಾತ್ರ ಹೋಗುವುದಿಲ್ಲ.

ಮಾರ್ಫಿನ್ ಸಿಗುವುದು ಇನ್ನೂ ಕಷ್ಟ. ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುವ ದೇಶ ನಮ್ಮದು. ಮಧ್ಯಪ್ರದೇಶದ ನೀಮಚ್, ಉತ್ತರ ಪ್ರದೇಶದ ಗಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಆದರೂ 1985ರ ಆ ಮಾದಕ ವಸ್ತು ಕಾಯ್ದೆಯ ದಾಖಲೆ, ಅನುಮತಿಗಳ ಕಟ್ಟುನಿಟ್ಟಿನಲ್ಲಿ ಹಳ್ಳಿ ಸುತ್ತುವ ಪಶುವೈದ್ಯರ ಚೀಲಕ್ಕೆ ಅದು ಬರುವ ದಾರಿ ಬಹಳ ಕಿರಿದು. ಇದು ನನಗೆ ನೋವಿನ ಸಂಗತಿ. ಹಿಂಗಾಲಿನ ತೀರಾ ಕೆಟ್ಟ ನೋವಿಗೆ ಬೆನ್ನುಹುರಿಯ ಪಕ್ಕಕ್ಕೆ ಸ್ವಲ್ಪವೇ ಮಾರ್ಫಿನ್ ಕೊಟ್ಟರೆ ಹಲವು ಗಂಟೆ ಆರಾಮ ಸಿಗುತ್ತದೆ, ಕುಣಿತವೂ ಕಡಿಮೆ. ದುರುಪಯೋಗ ತಡೆಯಬೇಕು, ಒಪ್ಪುತ್ತೇನೆ. ಆದರೆ ತರಬೇತಿ ಇರುವ ಡಾಕ್ಟರ ಕೈಗೆ ಅದು ಸಿಗುವ ಹಾಗೆ ಮಾಡುವುದೂ ಸರ್ಕಾರದ ಕೆಲಸವೇ ಅಲ್ವಾ?

ಗೌರಿಗೆ ಬೆಳಗ್ಗೆ ಆರಕ್ಕೂ ಲದ್ದಿ ಬರಲಿಲ್ಲ. ಫೋನ್ ಮಾಡಿದ ಕೂಡಲೇ ಡಾಕ್ಟರು ಬಂದು ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಬಕೆಟ್‌ಗಟ್ಟಲೆ ನೀರು, ಜೊತೆಗೆ ಲದ್ದಿ ಜಾರಲು ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಹಾಕಿದರು. ಓಪಿಯಾಯ್ಡ್ ಮತ್ತೆ ಕೊಡಲಿಲ್ಲ. ನೋವು ತಡೆದುಕೊಳ್ಳುವಷ್ಟೇ ಇದೆ, ಕೊಟ್ಟದ್ದು ಸಾಕು ಎಂದರು. "ಮೇವು ಬೇಡ, ನೀರು ಇಡಿ, ಅರ್ಧ ಗಂಟೆಗೊಮ್ಮೆ ನಡೆಸಿ. ಆರೋಗ್ಯದ ಕುದುರೆ ದಿನಕ್ಕೆ 8ರಿಂದ 12 ಸಲ ಲದ್ದಿ ಹಾಕುತ್ತೆ. ಎಣಿಸ್ತಾ ಇರಿ."

ಅಕ್ಕ ಒಲೆಯಿಂದ ಒಂದು ಇದ್ದಿಲು ತಂದು ಲಾಯದ ಸುಣ್ಣದ ಗೋಡೆಯ ಮೇಲೆ ಬರೆದಿಟ್ಟರು. ಮೇಲೆ ಇಂಜೆಕ್ಷನ್ ಹಾಕಿದ ಹೊತ್ತು, ಅದರ ಕೆಳಗೆ ನಾಡಿ 52. ಮಧ್ಯಾಹ್ನ ಎರಡೂವರೆಗೆ ಮೊದಲ ಗೆರೆ ಬಿತ್ತು. ನಾಲ್ಕೇ ಉಂಡೆ, ಕಲ್ಲಿನ ಹಾಗೆ ಒಣಗಿದ್ದು, ಮೇಲೆ ಲೋಳೆ. ಅಣ್ಣ ಅದನ್ನು ಸಲಿಕೆಯಲ್ಲಿ ಎತ್ತಿ ಬೀದಿಯವರಿಗೆಲ್ಲ ತೋರಿಸಿದರು. ರಾತ್ರಿ ಮಲಗುವ ಹೊತ್ತಿಗೆ ಮೂರು ಗೆರೆ ಆಗಿದ್ದವು. ಮಾರನೇ ದಿನ ಸಂಜೆ ನಾನು ಹೋದಾಗ ಅಕ್ಕ ಒಂಬತ್ತನೆಯದನ್ನು ಎಳೆಯುತ್ತಿದ್ದರು.